ಎರಡು ಅಂಕದ ಪ್ರಶ್ನೆ



ಬಿ.ಇ. ಓದಿದವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಎಣಿಸಿರಬಹುದು. ನಾನು ಇಂದು ಹೇಳಬೇಕೆಂದಿರುವುದು ಹಸುಗೂಸಿನ ಹಿಮ್ಮಡಿಯಿಂದ ತೆಗೆಯುವ ಕೆಲವು ಹನಿ ರಕ್ತದ ಬಗ್ಗೆ.

ಇದೇ ಶಾಲೆಯ ಹತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ನಿರ್ನಾಳ ಗ್ರಂಥಿಗಳ ಪಾಠ ಮಾಡಿದ್ದರು. ಮಕ್ಕಳಲ್ಲಿ ಥೈರಾಕ್ಸಿನ್ ಕೊರತೆಯಾದರೆ ಏನಾಗುತ್ತದೆ? ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ದೇಹ, ಬುದ್ಧಿ ಎರಡರ ಬೆಳವಣಿಗೆಯೂ ಕುಂಠಿತವಾಗುತ್ತದೆ ಎಂದು ಬರೆದೆ. ಎರಡಕ್ಕೆರಡು ಅಂಕ ಬಂತು. ಆಮೇಲೆ ಮರೆತೆ.

ಆರು ವರ್ಷದ ಹಿಂದೆ ನನ್ನ ಮಗಳು ಹುಟ್ಟಿದಳು. ಮೂರನೆಯ ದಿನ ನರ್ಸ್ ಅವಳ ಹಿಮ್ಮಡಿಗೆ ಚುಚ್ಚಿ, ವಿಶೇಷ ಕಾಗದದ ಮೇಲೆ ರಕ್ತದ ಹನಿಗಳನ್ನು ಇಳಿಸಿಕೊಂಡರು. "ಎಳೆಗೂಸಿಗೆ ಯಾಕಮ್ಮ ಚುಚ್ತೀರಿ?" ಎಂದು ನಮ್ಮಮ್ಮ ಗದರಿದರು. ಮಗು ನೋಡಲು ಚೆನ್ನಾಗಿತ್ತು, ಅಳುವುದೂ ಕಡಿಮೆ. ಬಂದವರೆಲ್ಲ "ಬಂಗಾರದಂಥ ಮಗು, ಸದ್ದೇ ಇಲ್ಲ" ಎಂದರು. ಕೆಲವು ದಿನಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಟಿ.ಎಸ್.ಎಚ್. ಬಹಳ ಹೆಚ್ಚಿತ್ತು. ಇನ್ನೊಮ್ಮೆ ರಕ್ತ ಪರೀಕ್ಷಿಸಿ ಖಚಿತಪಡಿಸಿದರು: ಹುಟ್ಟಿನಿಂದಲೇ ಥೈರಾಯಿಡ್ ಕೊರತೆ. ಹತ್ತನೆಯ ದಿನ ಮಾತ್ರೆ ಶುರುವಾಯಿತು.

ನಮ್ಮ ದೇಶದಲ್ಲಿ ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಇದು ಇರುತ್ತದೆ. ಗರ್ಭದಲ್ಲಿ ತಾಯಿಯ ಹಾರ್ಮೋನು ಒಂದಷ್ಟು ಕಾಪಾಡುವುದರಿಂದ ಹುಟ್ಟಿದಾಗ ಮಗು ಮಾಮೂಲಾಗಿಯೇ ಕಾಣುತ್ತದೆ. ಎರಡು ವಾರಕ್ಕೂ ಹೆಚ್ಚು ಉಳಿಯುವ ಕಾಮಾಲೆ, ಮಲಬದ್ಧತೆ, ಗೊಗ್ಗರು ಅಳು, ಉಬ್ಬಿದ ಹೊಕ್ಕುಳು, ದಪ್ಪ ನಾಲಿಗೆ, ಹಾಲು ಕುಡಿಯಲೂ ಏಳದ ನಿದ್ದೆ ಇವು ಲಕ್ಷಣಗಳು. ಆದರೆ ಇವು ಕಾಣುವವರೆಗೆ ಕಾದರೆ ತಡವಾಗಿರುತ್ತದೆ. ಮೊದಲ ಎರಡು-ಮೂರು ವರ್ಷ ಮಿದುಳು ಬೆಳೆಯಲು ಈ ಹಾರ್ಮೋನು ಬೇಕೇ ಬೇಕು. ಎರಡು ವಾರದೊಳಗೆ ಚಿಕಿತ್ಸೆ ಶುರುವಾದರೆ ಮಗು ಎಲ್ಲರಂತೆ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಕಳೆದುಹೋದ ಬುದ್ಧಿಶಕ್ತಿ ಆಮೇಲೆ ಎಷ್ಟು ಔಷಧ ಕೊಟ್ಟರೂ ಪೂರ್ತಿ ಮರಳುವುದಿಲ್ಲ.

ಕಾಗದದ ಮೇಲೆ ರಕ್ತ ಒಣಗಿಸಿ ನವಜಾತ ಶಿಶುಗಳನ್ನು ಪರೀಕ್ಷಿಸುವ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ ಬೇರೊಂದು ಕಾಯಿಲೆಗಾಗಿ ರೂಪಿಸಿದರು. ಅವರ ಸ್ವಂತ ಮಗನಿಗೇ ಬುದ್ಧಿಮಾಂದ್ಯತೆ ಇತ್ತು. 1970ರ ದಶಕದಲ್ಲಿ ಕೆನಡಾದ ಜ್ಯಾಂ ದ್ಯುಸೊ ಅದನ್ನು ಥೈರಾಯಿಡ್‌ಗೆ ಬಳಸಿದರು.

ಚಿಕಿತ್ಸೆ ಸರಳ. ಲೆವೊಥೈರಾಕ್ಸಿನ್ ಮಾತ್ರೆಯನ್ನು ಪುಡಿಮಾಡಿ, ಸ್ವಲ್ಪ ಎದೆಹಾಲಿನಲ್ಲೋ ನೀರಿನಲ್ಲೋ ಕಲಸಿ ದಿನಕ್ಕೊಮ್ಮೆ ಕೊಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಔಷಧಗಳ ಜೊತೆ ಕೊಡಬಾರದು. ದಿನಕ್ಕೆ ಕೆಲವೇ ರೂಪಾಯಿ ಖರ್ಚು. ಆಗಾಗ ರಕ್ತ ಪರೀಕ್ಷಿಸಿ ವೈದ್ಯರು ಪ್ರಮಾಣ ಬದಲಿಸುತ್ತಾರೆ. ನಾವಾಗಿಯೇ ನಿಲ್ಲಿಸುವಂತಿಲ್ಲ.

ಒಂದು ತಪ್ಪೊಪ್ಪಿಗೆಯನ್ನೂ ಇಲ್ಲೇ ಹೇಳಬೇಕು. ನಾವು ಓದುವಾಗ ಈ ಗೇಟಿನ ಹತ್ತಿರ ಒಬ್ಬ ಹುಡುಗ ನಿಲ್ಲುತ್ತಿದ್ದ. ನಮ್ಮ ವಯಸ್ಸಿನವನೇ, ಎತ್ತರ ಮಾತ್ರ ಪುಟ್ಟ ಮಗುವಿನಷ್ಟು. ನಾಲಿಗೆ ದಪ್ಪ, ಮಾತು ತೊದಲು. ಬೆಳಗಿನ ಪ್ರಾರ್ಥನೆ ಮುಗಿಯುವವರೆಗೂ ಕೈ ಜೋಡಿಸಿಕೊಂಡೇ ಇರುತ್ತಿದ್ದ. ನಾವು ಅಣಕಿಸುತ್ತಿದ್ದೆವು, ನಾನೂ ಅಣಕಿಸಿದ್ದೇನೆ. ಅವನ ತಾಯಿ ಪೂರ್ವಜನ್ಮದ ಕರ್ಮ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರೂ ಅವನ ರಕ್ತ ಪರೀಕ್ಷೆ ಮಾಡಿಸಲಿಲ್ಲ. ಒಳಗೆ ಕುಳಿತು ಎರಡು ಅಂಕದ ಉತ್ತರ ಬರೆದ ನನಗೆ ಗೇಟಿನಲ್ಲಿ ನಿಂತವನು ನೆನಪಾಗಲಿಲ್ಲ.

ಆದ್ದರಿಂದ ನನ್ನದೊಂದು ಬಿನ್ನಹ. ನಿಮ್ಮ ಮಗಳಿಗೋ ಸೊಸೆಗೋ ಹೆರಿಗೆಯಾದರೆ, ಮನೆಗೆ ಹೊರಡುವ ಮೊದಲು "ಮಗುವಿನ ಟಿ.ಎಸ್.ಎಚ್. ಪರೀಕ್ಷೆ ಆಯಿತೇ?" ಎಂದು ಕೇಳಿ. ಆಗಿದ್ದರೆ ವರದಿ ಪಡೆಯದೆ ಬಿಡಬೇಡಿ. ಆಗದಿದ್ದರೆ ಎಲ್ಲಿ ಮಾಡುತ್ತಾರೆಂದು ವೈದ್ಯರನ್ನು, ಆಶಾ ಕಾರ್ಯಕರ್ತೆಯರನ್ನು ಕೇಳಿ, ಆ ವಾರವೇ ಮಾಡಿಸಿ. ವಿದ್ಯಾರ್ಥಿಗಳೇ, ಪಾಠದಲ್ಲಿ ಓದಿದ್ದನ್ನು ಮನೆಯಲ್ಲಿ ಹೇಳಿ.

ನನ್ನ ಮಗಳು ಈಗ ಒಂದನೇ ತರಗತಿ. ಅಗೋ, ಅಜ್ಜಿಯ ಪಕ್ಕದಲ್ಲಿ ಕುಳಿತು, ಅಪ್ಪನ ಭಾಷಣ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿದ್ದಾಳೆ. ಸದ್ದೇ ಇಲ್ಲದ ಮಗು ಎನಿಸಿಕೊಂಡವಳು ಅವಳೇ. ಅವಳ ಮಾತಿಗೆ ಬೆಲೆ ಕೊಟ್ಟು ನನ್ನ ಮಾತು ಮುಗಿಸುತ್ತೇನೆ.