ಕೊಡದ ನೀರು, ಬಾವಿಯ ನೀರು

ಕಳೆದ ವರ್ಷ ನನ್ನ ಮೊಮ್ಮಗ ಪೊಲೀಸ್ ಪೇದೆಯ ಹುದ್ದೆಗೆ ಸಿದ್ಧನಾಗುತ್ತಿದ್ದ. ಬೆಳಗಿನ ಜಾವ ಮೈದಾನದಲ್ಲಿ ಓಟ, ಸಂಜೆ ವ್ಯಾಯಾಮಶಾಲೆ. ಒಂದು ಸಂಜೆ ಅಡುಗೆಮನೆಯಲ್ಲಿ ಅವನು ಬಿಳಿಯ ಪುಡಿಯೊಂದನ್ನು ಲೋಟದ ನೀರಿನಲ್ಲಿ ಕದಡುತ್ತಿದ್ದುದನ್ನು ಕಂಡು, "ಇದೇನೋ?" ಎಂದೆ. "ಕ್ರಿಯೇಟಿನ್, ತಾತ. ಬಲಕ್ಕೆ" ಎಂದ. ನಾನು ಮುಂದೆ ವಿಚಾರಿಸಲಿಲ್ಲ. ಆಟಗಾರರು ಕದ್ದು ನುಂಗಿ ಪದಕ ಕಳೆದುಕೊಳ್ಳುವ ಮದ್ದುಗಳಲ್ಲಿ ಇದೂ ಒಂದೆಂದು ಬಗೆದು, ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವನು ಎದುರು ಮಾತಾಡಲಿಲ್ಲ. ಆದರೆ ಮೂರು ದಿನ ನನ್ನ ಪಕ್ಕದಲ್ಲಿ ಊಟಕ್ಕೂ ಕೂರಲಿಲ್ಲ. ತಿಳಿಯದ ವಸ್ತುವನ್ನು ನಿಂದಿಸುವುದು ಮುಪ್ಪಿನ ಸುಲಭ ಸುಖಗಳಲ್ಲಿ ಒಂದು. ನಾಲ್ಕನೆಯ ದಿನ ನಾಚಿಕೆಯಾಗಿ ಪುಸ್ತಕಗಳನ್ನು ತೆರೆದೆ. ಅಲ್ಲಿ ಕಂಡುದನ್ನು ತಮ್ಮ ಮುಂದಿಡುತ್ತೇನೆ.

ಕ್ರಿಯೇಟಿನ್ ಹೊಸದೇನಲ್ಲ. 1832ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್ ಅದನ್ನು ಮಾಂಸದ ಸಾರದಿಂದ ಬೇರ್ಪಡಿಸಿ, ಮಾಂಸವೆಂಬ ಅರ್ಥದ ಗ್ರೀಕ್ ಪದದಿಂದಲೇ ಹೆಸರಿಟ್ಟ. ನಮ್ಮ ದೇಹವೂ ದಿನಕ್ಕೆ ಸುಮಾರು ಒಂದು ಗ್ರಾಮಿನಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದರ ಬಹುಪಾಲು ಸ್ನಾಯುಗಳಲ್ಲಿ ನೆಲೆಸುತ್ತದೆ. ಆದರೆ ಅಲ್ಲಿ ಅದಕ್ಕೇನು ಕೆಲಸವೆಂಬುದು ಹೆಚ್ಚುಕಡಿಮೆ ಒಂದು ಶತಮಾನ ಯಾರಿಗೂ ಸ್ಪಷ್ಟವಾಗಿರಲಿಲ್ಲ. ಅದನ್ನು ತಿಳಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ನೆರೆಯ ಆಂಧ್ರದವರು, ಯೆಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಭೀಮಾವರದಲ್ಲಿ ಹುಟ್ಟಿದ ಸುಬ್ಬರಾವ್ ಮದರಾಸಿನಲ್ಲಿ ವೈದ್ಯಶಾಸ್ತ್ರ ಓದಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟ ತಪ್ಪಿಗೆ ಅವರ ಪಾಲಿಗೆ ಬಂದುದು ಪೂರ್ಣ ಪದವಿಯಲ್ಲ, ಅದಕ್ಕಿಂತ ಕೆಳದರ್ಜೆಯ ಪ್ರಮಾಣಪತ್ರ. ಅಮೆರಿಕಕ್ಕೆ ಹೋಗಿ, ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಆಳಾಗಿ ದುಡಿದರು. ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಅವರೊಡನೆ ಸೇರಿ ದೇಹದ್ರವಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವೊಂದನ್ನು 1925ರಲ್ಲಿ ಪ್ರಕಟಿಸಿದರು. ಅದನ್ನೇ ಸ್ನಾಯುವಿಗೆ ಹಚ್ಚಿ ನೋಡಿದಾಗ, 1927ರಲ್ಲಿ, ರಂಜಕದೊಡನೆ ಬೆಸೆದುಕೊಂಡ ಕ್ರಿಯೇಟಿನ್ ಬೆಳಕಿಗೆ ಬಂದಿತು. ಸ್ನಾಯು ದುಡಿಯುವಾಗ ಈ ಬೆಸುಗೆ ಕಳಚುತ್ತದೆ. ದಣಿವಾರಿದಾಗ ಮತ್ತೆ ಕೂಡುತ್ತದೆ. ಇಂಗ್ಲೆಂಡಿನಲ್ಲಿ ಎಗಲ್ಟನ್ ದಂಪತಿಗಳೂ ಅದೇ ವರ್ಷ ಈ ವಸ್ತುವನ್ನು ಕಂಡುಕೊಂಡಿದ್ದರು.

ಇದರ ಅರ್ಥವೇನು? ಬಾವಿಯಿರುವ ಮನೆಯನ್ನು ನೆನೆಯಿರಿ. ಬಾಯಾರಿ ಬಂದವನಿಗೆ ಆಗಲೇ ಬಾವಿಯಿಂದ ಸೇದಿ ಕೊಡುವುದಿಲ್ಲ. ಒಳಗೆ ತುಂಬಿಟ್ಟ ಕೊಡದಿಂದ ಬಗ್ಗಿಸಿ ಕೊಡುತ್ತೇವೆ. ಸ್ನಾಯುವಿನ ಕೊಡವೇ ಈ ಕ್ರಿಯೇಟಿನ್. ಭಾರ ಎತ್ತುವಾಗ, ಗುಂಡು ಎಸೆಯುವಾಗ, ಕಬಡ್ಡಿಯಲ್ಲಿ ಹಿಡಿತದಿಂದ ಕೊಸರಿಕೊಳ್ಳುವಾಗ ಮೊದಲು ಒದಗುವುದು ಇದರ ಶಕ್ತಿ. ಆದರೆ ಕೊಡ ಚಿಕ್ಕದು. ಮೈಯೆಲ್ಲ ಬಲ ಹಾಕಿ ದುಡಿದರೆ ಸುಮಾರು ಹತ್ತು ಸೆಕೆಂಡುಗಳಲ್ಲಿ ಬಹಳಷ್ಟು ಬರಿದಾಗುತ್ತದೆ. ಆಮೇಲೆ ಬಾವಿಯನ್ನೇ ನೆಚ್ಚಬೇಕು. ಎಂದರೆ ಉಸಿರನ್ನು, ಉಂಡ ಅನ್ನವನ್ನು.

ಬಾಯಿಂದ ಸೇವಿಸಿದ ಪುಡಿ ಸ್ನಾಯುವಿನ ಈ ಸಂಗ್ರಹವನ್ನು ಹೆಚ್ಚಿಸುತ್ತದೆಂದು 1992ರಲ್ಲಿ ರೋಜರ್ ಹ್ಯಾರಿಸ್ ಮತ್ತು ಸಂಗಡಿಗರು ತೋರಿಸಿದರು. ಆ ಬಳಿಕ ಅದು ಅಂಗಡಿಗೆ ಬಂದಿತು. ಹೆಸರಿನಲ್ಲಿ ಮಾಂಸವಿದ್ದರೂ ಈಗಿನ ಪುಡಿ ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ತಯಾರಾದುದು. ಮಾಂಸ, ಮೀನು ತಿನ್ನದವರ ಸ್ನಾಯುಗಳಲ್ಲಿ ಸಂಗ್ರಹ ಸಾಮಾನ್ಯವಾಗಿ ಕಡಿಮೆಯಿರುವುದರಿಂದ ನಮ್ಮಂಥ ಸೊಪ್ಪುಸಾರಿನ ಮನೆಯವರಿಗೆ ಇದರ ಗುಣ ಹೆಚ್ಚು ಕಾಣಬಹುದು. ಕ್ರೀಡಾಪಟುಗಳಿಗೆ ನಿಷೇಧಿಸಿದ ಮದ್ದುಗಳ ಪಟ್ಟಿಯಲ್ಲಿ ಇದು ಇಲ್ಲ. ಆರೋಗ್ಯವಂತರಾದ ವಯಸ್ಕರು ದಿನಕ್ಕೆ 3ರಿಂದ 5 ಗ್ರಾಮಿನಷ್ಟು ಸೇವಿಸಿದುದರಿಂದ ಮೂತ್ರಪಿಂಡಕ್ಕೆ ಕೇಡಾದುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ಸ್ನಾಯುವಿನಲ್ಲಿ ನೀರು ನಿಂತು ಮೈತೂಕ ತುಸು ಏರುವುದೂ ಉಂಟು.

ಬೀರುವಿನ ಬೀಗ ತೆಗೆದು ಡಬ್ಬಿಯನ್ನು ಅವನ ಕೈಗಿತ್ತೆ. "ತಪ್ಪಾಯಿತಪ್ಪ" ಎಂದೆ. ಅವನು ನಕ್ಕ. ಆದರೆ ಹೇಳಬೇಕಾದುದನ್ನೂ ಹೇಳಿದೆ: "ಗುಂಡೆಸೆತಕ್ಕೆ ಇದು ನೆರವಾದೀತು. 1600 ಮೀಟರಿನ ಓಟಕ್ಕೆ ಕೊಡ ಸಾಲದು, ಬಾವಿ ಬೇಕು." ಅವನಿಗೆ ಅದು ಹಿಡಿಸಲಿಲ್ಲ. ಭಾರ ಎತ್ತುವುದರಲ್ಲಿ ಕಂಡ ಏಳಿಗೆಯಿಂದ ಹಿಗ್ಗಿ, ಬೆಳಗಿನ ಓಟವನ್ನು ಕೆಲವು ವಾರ ಸಡಿಲ ಬಿಟ್ಟ. ಆಯ್ಕೆಯ ದಿನ ಓಟದಲ್ಲಿ ಕೆಲವೇ ಸೆಕೆಂಡುಗಳಿಂದ ಹಿಂದೆ ಬಿದ್ದ. ಗುಂಡನ್ನು ಮುಟ್ಟುವ ಸರದಿಯೇ ಬರಲಿಲ್ಲ.

ಆ ರಾತ್ರಿ ಅವನಿಗೆ ಸುಬ್ಬರಾವ್ ಅವರ ಕತೆ ಹೇಳಿದೆ. ಇಷ್ಟು ದೊಡ್ಡ ಶೋಧದ ಅನಂತರವೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. ಔಷಧದ ಕಂಪನಿಯೊಂದನ್ನು ಸೇರಿ, ಫೋಲಿಕ್ ಆಮ್ಲದ ತಯಾರಿಕೆಗೂ ಆನೆಕಾಲು ರೋಗದ ಮದ್ದಿಗೂ ತಮ್ಮ ತಂಡದೊಡನೆ ದುಡಿದು, 1948ರಲ್ಲಿ, 53ರ ವಯಸ್ಸಿನಲ್ಲಿ ತೀರಿಕೊಂಡರು. ಸ್ನಾಯುವಿನ ಕೊಡವನ್ನು ಲೋಕಕ್ಕೆ ತೋರಿಸಿದಾತ ತಾನು ಬಾಳಿದ್ದು ಬಾವಿಯ ನೀರಿನಿಂದ.

ಮೊಮ್ಮಗ ಏನೂ ಹೇಳಲಿಲ್ಲ. ಬೆಳಗ್ಗೆ ಐದು ಗಂಟೆಗೆ ಬಾಗಿಲ ಚಿಲಕ ತೆಗೆದ ಸದ್ದು ಕೇಳಿಸಿತು. ಡಬ್ಬಿ ಈಗಲೂ ಅಡುಗೆಮನೆಯ ಗೂಡಿನಲ್ಲಿದೆ, ಉಪ್ಪಿನ ಜಾಡಿಯ ಪಕ್ಕದಲ್ಲಿ. ಅದರ ಜಾಗ ಅದೇ ಇರಬೇಕೆಂದು ನನಗೆ ತೋರುತ್ತದೆ.