ಆರೋಗ್ಯ ವಿಮೆ: ಕಂಪೆನಿಗೆ ನಿಯಮ, ಬಿಲ್ಲಿಗೆ ಯಾರು?
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ವಿಮಾ ಏಜೆಂಟನೂ ಅಲ್ಲ. ಇಲ್ಲಿ ಹೇಳುವುದು ನನ್ನ ವೈಯಕ್ತಿಕ ಅಭಿಪ್ರಾಯ.

ಆರೋಗ್ಯ ವಿಮೆ ನಮ್ಮ ಬೆಳ್ತಂಗಡಿ ತಾಲೂಕಿಗೆ ಹೊಸತಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು 2004ರಲ್ಲಿಯೇ ಸ್ವಸಹಾಯ ಸಂಘಗಳ ಮೂಲಕ ‘ಸಂಪೂರ್ಣ ಸುರಕ್ಷಾ’ವನ್ನು ಮನೆಮನೆಗೆ ತಂದರು. ಅದಕ್ಕೆ ಒಂದು ವರ್ಷ ಮೊದಲು ಸಹಕಾರಿ ಸಂಘಗಳ ರೈತರಿಗೆ ‘ಯಶಸ್ವಿನಿ’ ಬಂದಿತ್ತು. 2018ರಲ್ಲಿ ಅದನ್ನು ನಿಲ್ಲಿಸಿದರು, 2023ರಲ್ಲಿ ಮತ್ತೆ ಜಾರಿಗೆ ತಂದರು. ಯಶಸ್ವಿನಿಯಲ್ಲಿ ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ಎಂದು ಆಸ್ಪತ್ರೆಯೊಂದಿಗೆ ಮೊದಲೇ ದರ ನಿಗದಿಯಾಗಿರುತ್ತದೆ. ಈ ಮಾತು ನೆನಪಿನಲ್ಲಿರಲಿ.

ಇನ್ನು ಖಾಸಗಿ ಪಾಲಿಸಿ. ನಮ್ಮವರು ಅನೇಕರು ಗಲ್ಫಿನಲ್ಲಿ ಇರುವವರೆಗೆ ವಿಮೆಯನ್ನು ಕಂಪೆನಿಯೇ ನೋಡಿಕೊಳ್ಳುತ್ತದೆ. ಐವತ್ತು ದಾಟಿ ಊರಿಗೆ ಮರಳಿದಾಗ ಕೈಯಲ್ಲಿ ಸಕ್ಕರೆ ಕಾಯಿಲೆ ಇದೆ, ಪಾಲಿಸಿ ಇಲ್ಲ. ಆಗ ಏಜೆಂಟ್ ಬಂದು ಫಾರ್ಮ್ ತುಂಬುತ್ತಾನೆ. ‘ಕಾಯಿಲೆ ಇದೆಯೇ’ ಎಂಬಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಿಸುತ್ತಾನೆ. ಎರಡು ವರ್ಷದಲ್ಲಿ ಹೃದಯದ ಆಪರೇಷನ್ ಬಂದರೆ ಅದೇ ‘ಇಲ್ಲ’ವನ್ನು ತೋರಿಸಿ ಕಂಪೆನಿ ಹಣ ನಿರಾಕರಿಸುತ್ತದೆ. ಮನೆಯ ಒಡವೆ ಬ್ಯಾಂಕಿಗೆ ಹೋಗುವುದು ಆಮೇಲೆ.

ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಕೆಲವು ಒಳ್ಳೆಯ ನಿಯಮ ಮಾಡಿದೆ. ತಿಳಿಸಿದ ಹಳೆಯ ಕಾಯಿಲೆಗೆ ಮೂರು ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಐದು ವರ್ಷ ಬಿಡದೆ ಕಂತು ಕಟ್ಟಿದವರಿಗೆ, ಮೋಸ ಸಾಬೀತಾಗದ ಹೊರತು, ‘ಮುಚ್ಚಿಟ್ಟಿರಿ’ ಎಂದು ಹಣ ನಿಲ್ಲಿಸುವಂತಿಲ್ಲ. ನಗದುರಹಿತ ಚಿಕಿತ್ಸೆಯ ಮನವಿಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು.

ಆದರೆ ಲಗಾಮು ಹಾಕಿದ್ದು ಒಂದು ಕುದುರೆಗೆ ಮಾತ್ರ. ಆಸ್ಪತ್ರೆಯ ಬಿಲ್ಲು? 2017ರಲ್ಲಿ ರಾಜ್ಯ ಸರಕಾರ ಖಾಸಗಿ ಆಸ್ಪತ್ರೆಗಳ ದರ ನಿಗದಿಗೆ ಹೊರಟಿತು. ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು. ವೈದ್ಯರಿಗೆ ಜೈಲು ಎಂಬ ಅಂಶಕ್ಕೆ ಅವರು ಸಿಟ್ಟಾದದ್ದು ನ್ಯಾಯವೇ. ಆದರೆ ಮಸೂದೆ ಮೆತ್ತಗಾದಾಗ ದರದ ಮಾತೂ ಸರಕಾರಿ ಯೋಜನೆಗಳಿಗೆ ಸೀಮಿತವಾಯಿತು. ಬಿಲ್ಲು ಏರಿದರೆ ಕಂತು ಏರುತ್ತದೆ. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಪಾಲಿಸಿಯ ಮೇಲಿನ ಶೇ. 18 ಜಿಎಸ್‌ಟಿ ತೆಗೆದರು, ಸಂತೋಷ. ಬಿಲ್ಲು ಹೀಗೇ ಏರಿದರೆ ಆ ಉಳಿತಾಯ ಎಷ್ಟು ದಿನ? ಸಂಘದ ಸದಸ್ಯನಾದ ರೈತನಿಗಿರುವ ದರದ ರಕ್ಷಣೆ ಸ್ವಂತ ಹಣದಿಂದ ಪಾಲಿಸಿ ಕೊಂಡವನಿಗೂ ಸಿಗಬೇಕು ಎಂಬುದು ನನ್ನ ವಾದ.

ಕ್ಲೇಮ್ ತಿರಸ್ಕೃತವಾದರೆ ಸುಮ್ಮನೆ ಕೂರಬೇಡಿ. ಮೊದಲು ಕಂಪೆನಿಗೇ ಲಿಖಿತ ದೂರು. ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ನಮ್ಮ ಕಾಲೇಜು ವಿದ್ಯಾರ್ಥಿಗಳು ತಿಂಗಳಿಗೊಂದು ಭಾನುವಾರ ಸಂಘದ ಕಚೇರಿಯಲ್ಲಿ ಕುಳಿತು, ಹಿರಿಯರ ಪಾಲಿಸಿಯನ್ನು ಓದಿ ಕನ್ನಡದಲ್ಲಿ ವಿವರಿಸಿ, ಈ ಅರ್ಜಿಗಳನ್ನು ಬರೆದುಕೊಡುವುದಾದರೆ ಮೊದಲ ಭಾನುವಾರ ನಾನೂ ಬಂದು ಕೂರುತ್ತೇನೆ.