ಹೆಪ್ಪುಗಟ್ಟುವ ನೆಲ, ಕರಗುವ ನೆಲ



ವಿಜಯವಾಡದ ಬೇಸಗೆಯನ್ನೂ ವಿಶಾಖಪಟ್ಟಣದ ಕಡಲತೀರದ ಸೆಕೆಯನ್ನೂ ಬಲ್ಲವರಿಗೆ ನೆಲ ಹೆಪ್ಪುಗಟ್ಟುವ ವಿಚಾರವು ದೂರದ್ದೆಂದು ತೋರುವುದು ಸಹಜ. ಆದರೆ ವಿಶಾಖಪಟ್ಟಣದ ಪಶ್ಚಿಮಕ್ಕಿರುವ ಪೂರ್ವಘಟ್ಟಗಳಲ್ಲಿ, ಸುಮಾರು 1,000 ಮೀಟರ್ ಎತ್ತರದಲ್ಲಿ, ಲಂಬಸಿಂಗಿ ಎಂಬ ಗ್ರಾಮವಿದೆ. 2022ರವರೆಗೆ ವಿಶಾಖಪಟ್ಟಣ ಜಿಲ್ಲೆಗೆ ಸೇರಿದ್ದ ಈ ಗ್ರಾಮ ಈಗ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಲ್ಲಿದೆ. ಚಳಿಗಾಲದ ಕೆಲವು ರಾತ್ರಿಗಳಲ್ಲಿ ಅಲ್ಲಿಯ ಉಷ್ಣತೆ ಸೊನ್ನೆ ಡಿಗ್ರಿಯ ಸಮೀಪಕ್ಕೆ ಇಳಿಯುತ್ತದೆ. ಮುಂಜಾನೆ ಹುಲ್ಲಿನ ಮೇಲೆ ಬೆಳ್ಳಗಿನ ಹರಳುಗಳು ಕಾಣುವುದುಂಟು. ಇದು ಮುಗಿಲಿನಿಂದ ಬಿದ್ದ ಹಿಮವಲ್ಲ; ನೆಲದ ಸಮೀಪದ ತೇವಾಂಶವೇ ಹರಳುಗಟ್ಟಿದ ರೂಪ.

ಹುಲ್ಲು ಹೆಪ್ಪುಗಟ್ಟಿದರೂ ಅದರ ಕೆಳಗಿನ ಮಣ್ಣು ಏಕೆ ಹೆಪ್ಪುಗಟ್ಟುವುದಿಲ್ಲ? ಉತ್ತರವಿರುವುದು ನೀರಿನ ಗುಪ್ತೋಷ್ಣದಲ್ಲಿ. ಸೊನ್ನೆ ಡಿಗ್ರಿಯ ಒಂದು ಕಿಲೋಗ್ರಾಂ ನೀರು ಮಂಜುಗಡ್ಡೆಯಾಗಬೇಕಾದರೆ ಸುಮಾರು 334 ಕಿಲೋಜೂಲ್ ಶಾಖವನ್ನು ಬಿಟ್ಟುಕೊಡಬೇಕು. ಅಷ್ಟೇ ನೀರು 80 ಡಿಗ್ರಿಯಿಂದ ಸೊನ್ನೆಗೆ ತಣಿಯುವಾಗ ಬಿಡುವ ಶಾಖಕ್ಕೆ ಇದು ಸಮ. ಒಂದು ಘನಮೀಟರ್ ಮಣ್ಣಿನಲ್ಲಿ 200 ಕಿಲೋಗ್ರಾಂ ನೀರಿದೆಯೆಂದು ಭಾವಿಸೋಣ. ಅದೆಲ್ಲ ಹೆಪ್ಪುಗಟ್ಟಲು 66,800 ಕಿಲೋಜೂಲ್ ಶಾಖ ಹೊರಹೋಗಬೇಕು. ಮೋಡವಿಲ್ಲದ ರಾತ್ರಿ ಒಂದು ಚದರ ಮೀಟರ್ ನೆಲವು 70 ವ್ಯಾಟ್ ಪ್ರಮಾಣದಲ್ಲಿ 10 ಗಂಟೆ ಶಾಖ ಕಳೆದುಕೊಂಡರೆ ಆ ನಷ್ಟ 2,520 ಕಿಲೋಜೂಲ್ ಮಾತ್ರ. ಮಣ್ಣು ಮೊದಲೇ ಸೊನ್ನೆಗೆ ಇಳಿದಿದ್ದರೂ 4 ಸೆಂಟಿಮೀಟರಿಗಿಂತ ಆಳಕ್ಕೆ ಅದು ಹೆಪ್ಪುಗಟ್ಟದು. ಹಗಲಿನ ಬಿಸಿಲಿನಿಂದ ಕಾದ ಕೆಳಪದರಗಳು ಶಾಖ ಒದಗಿಸುವುದರಿಂದ ಲಂಬಸಿಂಗಿಯ ನೆಲ ಅಷ್ಟೂ ಹೆಪ್ಪುಗಟ್ಟುವುದಿಲ್ಲ. ಲಡಾಖಿನಲ್ಲಾದರೋ ಚಳಿ ತಿಂಗಳುಗಟ್ಟಲೆ ಬಿಡುವುದಿಲ್ಲ. ನೆಲ ಆಳದವರೆಗೆ ಗಟ್ಟಿಯಾಗುತ್ತದೆ.

ಈ ಬಗೆಯ ಲೆಕ್ಕಕ್ಕೆ ಗಣಿತದ ತಳಹದಿ ಹಾಕಿದವರಲ್ಲಿ ಜೋಸೆಫ್ ಸ್ಟೆಫಾನ್ ಪ್ರಮುಖರು. ಧ್ರುವಸಮುದ್ರದ ಮಂಜುಗಡ್ಡೆಯ ಬೆಳವಣಿಗೆಯನ್ನು ಕುರಿತ ಅವರ ಲೇಖನ 1891ರಲ್ಲಿ ಪ್ರಕಟವಾಯಿತು. ಹೆಪ್ಪುಗಟ್ಟಿದ ಪದರದ ದಪ್ಪವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆಂಬುದು ಅದರ ಸಾರ. ಚಳಿ ಒಂದೇ ಸಮನಾಗಿದ್ದರೆ ನಾಲ್ಕು ಪಟ್ಟು ದಿನಗಳಲ್ಲಿ ದಪ್ಪ ಎರಡು ಪಟ್ಟು ಮಾತ್ರ ಆಗುತ್ತದೆ.

ಇಂದಿನ ಗಣಕಯಂತ್ರದ ಮಾದರಿಗಳು ನೆಲವನ್ನು ತೆಳುವಾದ ಪದರಗಳನ್ನಾಗಿ ವಿಂಗಡಿಸಿ, ಪ್ರತಿ ಪದರಕ್ಕೂ ಬಂದ ಶಾಖ, ಹೋದ ಶಾಖ, ನೀರಿನ ಪಾಲು, ಮಂಜಿನ ಪಾಲು ಇವುಗಳ ಲೆಕ್ಕ ಇಡುತ್ತವೆ. ತೊಡಕುಗಳು ಹಲವು. ಮಂಜುಗಡ್ಡೆಯು ನೀರಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಜೇಡಿಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಸೊನ್ನೆಗಿಂತ ಕೆಳಗೂ ಸ್ವಲ್ಪ ನೀರು ದ್ರವವಾಗಿಯೇ ಉಳಿಯುತ್ತದೆ. ಮೇಲೆ ಬಿದ್ದ ಹಿಮವು ಕಂಬಳಿಯಂತೆ ನೆಲವನ್ನು ಹೊದೆಯುತ್ತದೆ.

ಹೆಪ್ಪುಗಟ್ಟಿದ ನೆಲ ಉಬ್ಬುವುದೂ ಉಂಟು. ನೀರು ಮಂಜಾಗುವಾಗ ಗಾತ್ರದಲ್ಲಿ ಶೇಕಡ 9ರಷ್ಟು ಹಿಗ್ಗುವುದೇ ಇದಕ್ಕೆ ಕಾರಣವೆಂದು ಹಿಂದೆ ನಂಬಲಾಗಿತ್ತು. ಅಮೆರಿಕದ ಸ್ಟೀಫನ್ ಟೇಬರ್ ಹೆಪ್ಪುಗಟ್ಟುವಾಗ ಕುಗ್ಗುವ ಬೆಂಜೀನನ್ನು ಬಳಸಿ ಪ್ರಯೋಗ ನಡೆಸಿದರು. ಆಗಲೂ ಮಣ್ಣು ಉಬ್ಬಿತು. ಕೆಳಗಿನ ದ್ರವವು ಹೆಪ್ಪುಗಟ್ಟುವ ಅಂಚಿನತ್ತ ಸೆಳೆಯಲ್ಪಟ್ಟು ಪದರಪದರವಾಗಿ ಶೇಖರಗೊಳ್ಳುವುದೇ ಮುಖ್ಯ ಕಾರಣವೆಂದು ಇದರಿಂದ ತಿಳಿಯಿತು. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಎರೆಭೂಮಿಯನ್ನು ಕೃಷ್ಣಾ ತೀರದ ರೈತರು ಕರ್ನಾಟಕದಲ್ಲಿಯೂ ಆಂಧ್ರದಲ್ಲಿಯೂ ಬಲ್ಲರು. ಅಲ್ಲಿ ಗೋಡೆ ಸೀಳುವುದು ಜೇಡಿ ಹೀರಿದ ನೀರು. ಚಳಿನಾಡಿನಲ್ಲಿ ರಸ್ತೆಯನ್ನು ಎತ್ತುವುದು ಮಂಜಿನ ಪದರ. ಕಾರಣ ಬೇರೆ; ಆದರೆ ಎರಡು ಕಡೆಯೂ ನೀರಿನ ಚಲನೆಯನ್ನು ಅರಿಯದೆ ಹಾಕಿದ ಅಡಿಪಾಯ ನಿಲ್ಲದು.

ನೆಲ ಕರಗುವಾಗ ಅಪಾಯ ಇನ್ನೂ ಹೆಚ್ಚು. ವರ್ಷವಿಡೀ ಹೆಪ್ಪುಗಟ್ಟಿರುವ ಪರ್ವತದ ಇಳಿಜಾರುಗಳಲ್ಲಿ ಮಂಜೇ ಕಲ್ಲುಮಣ್ಣನ್ನು ಬಂಧಿಸಿರುತ್ತದೆ. 2023ರ ಅಕ್ಟೋಬರ್ 3ರ ರಾತ್ರಿ ಉತ್ತರ ಸಿಕ್ಕಿಮಿನಲ್ಲಿ ಇಂತಹ ಇಳಿಜಾರೊಂದು ದಕ್ಷಿಣ ಲ್ಹೋನಕ್ ಸರೋವರಕ್ಕೆ ಕುಸಿಯಿತು. ಉಕ್ಕಿದ ನೀರು ದಂಡೆಯನ್ನು ಒಡೆದು ತೀಸ್ತಾ ಕಣಿವೆಗೆ ನುಗ್ಗಿ, ಚುಂಗ್‌ಥಾಂಗ್‌ನ ಜಲವಿದ್ಯುತ್ ಅಣೆಕಟ್ಟನ್ನು ಕೊಚ್ಚಿಕೊಂಡು ಹೋಯಿತು. ಹಲವರು ಪ್ರಾಣ ಕಳೆದುಕೊಂಡರು.

ಇಂತಹ ಇಳಿಜಾರುಗಳನ್ನು ಮುಂಚಿತವಾಗಿ ಗುರುತಿಸುವುದಕ್ಕೆ ಮಾದರಿಗಳು ನೆರವಾಗಬಲ್ಲವು. ಆದರೆ ಯಾವ ಮಾದರಿಯೂ ತನಗೆ ಒದಗಿಸಿದ ಅಳತೆಗಳಿಗಿಂತ ಹೆಚ್ಚು ವಿಶ್ವಾಸಾರ್ಹವಲ್ಲ. ನೆಲದೊಳಗಿನ ಉಷ್ಣತೆ, ತೇವಾಂಶ, ಹಿಮದ ದಪ್ಪ ಇವನ್ನು ವರ್ಷಾನುಗಟ್ಟಲೆ, ಒಂದೇ ಸ್ಥಳದಲ್ಲಿ, ತಪ್ಪದೆ ದಾಖಲಿಸಬೇಕು. ವಿಶಾಖಪಟ್ಟಣದ ಚಂಡಮಾರುತ ಮುನ್ಸೂಚನಾ ಕೇಂದ್ರವು ಕಡಲತೀರದ ಜನರಿಗೆ ನೀಡುವ ಎಚ್ಚರಿಕೆಯ ಹಿಂದೆಯೂ ಇಂತಹುದೇ ಶ್ರಮವಿದೆ. ಕಡಲಿನ ಮೇಲೆ ಇಟ್ಟಿರುವ ಈ ಕಣ್ಣನ್ನು ಹಿಮಾಲಯದ ನೆಲದ ಮೇಲೂ ಇಡುವುದು ಕಣಿವೆಗಳಲ್ಲಿ ವಾಸಿಸುವ ಜನರ ಪ್ರಾಣರಕ್ಷಣೆಗೆ ಅತ್ಯಗತ್ಯ.